ಹಿಟ್ಟು ಸುರಿದ ರೀಲು

ಸುಗ್ಗಿ ಮುಗಿದು ಹದಿನೈದು ದಿನವಾಗಿತ್ತು. ಹೊಸ ಕಾಳು ಒಣಗಿ ಮನೆ ಸೇರುವ ಈ ದಿನಗಳಲ್ಲಿ ನನ್ನ ಗಿರಣಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಬೆಳಗ್ಗೆ ಏಳಕ್ಕೆ ನಾನು ಬಾಗಿಲು ತೆಗೆಯುವ ಮೊದಲೇ ಚೀಲ, ಡಬ್ಬ, ಬಕೆಟ್ಟುಗಳು ಹೊರಗೆ ಸಾಲು ಹಿಡಿದು ಕುಳಿತಿರುತ್ತವೆ. ಅವುಗಳ ಒಡೆಯರು ಮರದ ನೆರಳಲ್ಲಿ ಊರಿನವರ ಹುಳುಕು ಹೆಕ್ಕುತ್ತಿರುತ್ತಾರೆ. ಆ ದಿನವೂ ಹಾಗೇ ಇತ್ತು. ಹಿಂದಿನ ಸಂಜೆ ಕಲ್ಲು ಬಿಚ್ಚಿ ಉಳಿಯಿಂದ ಕೊರೆದು ಹರಿತ ಮಾಡಿದ್ದರಿಂದ ಹಿಟ್ಟು ನುಣ್ಣಗೆ ಬೀಳುತ್ತಿತ್ತು. ಹಿಟ್ಟು ಇಳಿಯುವ ಬಟ್ಟೆಯ ತೋಳಿನ ಕೆಳಗೆ ಅಂಗೈ ಒಡ್ಡಿ, ಬೆಚ್ಚಗಿನ ಹಿಟ್ಟನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತ ನಿಂತಿದ್ದೆ.

"ಏನೋ ಖಾಲಿ ಕ್ಯಾಮೆರಾ, ನನ್ನದು ಯಾವಾಗ?" ಎಂದು ಮೂಲೆಮನೆಯ ಅತ್ತೆ ಬಾಗಿಲಿನಿಂದ ಕೂಗಿದರು. ಅವರು ನನಗೆ ಅತ್ತೆಯಲ್ಲ, ಊರಿಗೆಲ್ಲ ಅತ್ತೆ.

"ನಿಮ್ಮ ಮುಂದೆ ಇನ್ನೂ ನಾಲ್ಕು ಚೀಲ ಇವೆ ಅತ್ತೆ."

"ಅಷ್ಟರಲ್ಲಿ ನನ್ನ ಕಾಳು ಮೊಳಕೆ ಒಡೆದು ಪೈರಾಗಿರುತ್ತೆ ಬಿಡು."

ಎಲ್ಲರೂ ನಕ್ಕರು. ಆ ಅಡ್ಡಹೆಸರು ನನಗೆ ಅಂಟಿ ಇಪ್ಪತ್ತು ವರ್ಷ ದಾಟಿತ್ತು. ನನ್ನ ತಂಗಿಯ ಮದುವೆಯನ್ನು ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ತೆಗೆದು, ಕೊನೆಗೆ ಮುಚ್ಚಳ ಬಿಚ್ಚಿದಾಗ ಒಳಗೆ ರೀಲೇ ಇರಲಿಲ್ಲ. ಊರು ಅದನ್ನು ಮರೆತಿಲ್ಲ. ಊರಿಗೆ ಗೊತ್ತಿಲ್ಲದ ಇನ್ನೊಂದು ಕತೆ ಇತ್ತು. ಅದು ನಗುವಂಥದ್ದಲ್ಲ.

ಹತ್ತು ಗಂಟೆಯ ಬಸ್ಸು ಬಂತು. ಅದರಿಂದ ಒಬ್ಬರೇ ಇಳಿದರು. ಎಪ್ಪತ್ತರ ಆಚೆಯ ವಯಸ್ಸು, ತೆಳ್ಳಗಿನ ಮೈ, ಹೆಗಲಿಗೆ ಬಟ್ಟೆಯ ಚೀಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೇರವಾಗಿ ನನ್ನ ಗಿರಣಿಗೇ ಬಂದರು. ಬಸ್ಸು ನಿಲ್ಲುವುದೇ ಇದರ ಮುಂದೆಯಾದ್ದರಿಂದ ದಾರಿ ಕೇಳುವವರೆಲ್ಲ ಮೊದಲು ಇಲ್ಲಿಗೇ ಬರುತ್ತಾರೆ.

"ಡ್ರಾಯಿಂಗ್ ಮೇಷ್ಟ್ರ ಮನೆ ಯಾವ ಕಡೆ?" ಎಂದು ಮೋಟರಿನ ಸದ್ದಿನ ಮೇಲೆ ಕೂಗಿ ಕೇಳಿದರು.

ಕೈ ತೋರಿಸಲು ಹೊರಟವನು ಅವರ ಬೆರಳು ನೋಡಿದೆ. ಹತ್ತೂ ಉಗುರು ಕಂದು ಬಣ್ಣಕ್ಕೆ ತಿರುಗಿದ್ದವು. ಬುಡದಲ್ಲಿ ಚರ್ಮ ಒಡೆದು ಕಪ್ಪು ಗೆರೆಗಳು ಕೂತಿದ್ದವು. ನಲವತ್ತು ವರ್ಷ ರಾಸಾಯನಿಕದ ನೀರಿನಲ್ಲಿ ಅದ್ದಿದ ಬೆರಳಲ್ಲದೆ ಬೇರೆ ಯಾವ ಬೆರಳೂ ಹಾಗಿರುವುದಿಲ್ಲ.

"ನಾನು ಅವರ ರೀಲುಗಳನ್ನ ತೊಳೀತಿದ್ದೆ," ಎಂದರು ಅವರು. "ಹೋದ ತಿಂಗಳು ಅಂಗಡಿ ಮುಚ್ಚಿಬಿಟ್ಟೆ. ಒಂದು ಸಲ ಕಂಡು ಹೋಗೋಣ ಅಂತ ಬಂದೆ."

ಬಟ್ಟೆಯ ತೋಳಿನ ಕೆಳಗಿನ ಡಬ್ಬ ತುಂಬಿ ಹಿಟ್ಟು ನನ್ನ ಕಾಲಿನ ಮೇಲೆ ಸುರಿಯುತ್ತಿತ್ತು. "ಅಯ್ಯೋ, ನನ್ನ ಹಿಟ್ಟು!" ಎಂದು ಯಾರೋ ಕಿರುಚಿದಾಗಲೇ ನನಗೆ ಎಚ್ಚರವಾದದ್ದು.

ಅವರ ಮುಖವನ್ನು ನಾನು ಅಂದೇ ಮೊದಲು ನೋಡಿದ್ದು. ಅಕ್ಷರ ಮಾತ್ರ ಹಳೆಯ ಪರಿಚಯ.

ಮೇಷ್ಟ್ರ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ ಅವರಿಗೆ ಹಳೆಯ ಸಿನಿಮಾ ಎಂದರೆ ಹುಚ್ಚು. ಎಲ್ಲೆಲ್ಲಿಂದಲೋ ಎರವಲು ತಂದ ರೀಲುಗಳನ್ನು ಭಾನುವಾರ ಮಧ್ಯಾಹ್ನ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಹೊದಿಸಿ, ಸುಣ್ಣದ ಗೋಡೆಯ ಮೇಲೆ ಬಿಡುತ್ತಿದ್ದರು. ಎಲ್ಲ ಮಾತಿಲ್ಲದ ಕಾಲದ ಚಿತ್ರಗಳು. ನೋಡಲು ನಾಲ್ಕೈದು ಜನ. ಬರಬರುತ್ತ ನಾನೊಬ್ಬನೇ. ಒಂದು ಚಿತ್ರದಲ್ಲಿ ತಾಯಿಯೊಬ್ಬಳು ದೋಣಿಕಟ್ಟೆಯಲ್ಲಿ ಮಗನಿಗಾಗಿ ಕಾಯುತ್ತಾಳೆ. ಕೊನೆಯ ದೋಣಿಯಿಂದಲೂ ಅವನು ಇಳಿಯುವುದಿಲ್ಲ. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ಬಿಟ್ಟರು.

"ಚಿತ್ರ ತೆಗೆದವನು ಅವಳು ಅಳೋದನ್ನ ತೋರಿಸಿದನೇನೋ?"

"ಇಲ್ಲ ಮೇಷ್ಟ್ರೇ. ಕೈ ತೋರಿಸಿದ. ಬುಟ್ಟಿ ಹಿಡಿದ ಕೈ."

"ಎಷ್ಟು ಹೊತ್ತು?"

ನನಗೆ ಗೊತ್ತಿರಲಿಲ್ಲ. ಮೂರನೇ ಸಲ ಬಿಟ್ಟಾಗ ಎಣಿಸಿದೆ. ಐದು ಸೆಕೆಂಡು.

"ಆರಾಗಿದ್ರೆ ನಾಟಕ ಆಗಿರೋದು," ಎಂದರು.

ಗಿರಣಿಯ ಹಿಟ್ಟಿನಲ್ಲಿ ಬೆಳೆದ ನನಗೆ ಅಂದಿನಿಂದ ಕಣ್ಣು ಬೇರೆಯಾಯಿತು. ಯಾರಾದರೂ ಬಾಗಿಲಲ್ಲಿ ನಿಂತರೆ, ಎಷ್ಟು ಹೊತ್ತು ನಿಂತರೆ ಚೆಂದ ಎಂದು ಒಳಗೇ ಎಣಿಸುತ್ತಿದ್ದೆ.

ಮೇಷ್ಟ್ರ ಬಳಿ ಒಂದು ಸಣ್ಣ ಕ್ಯಾಮೆರಾ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಗಡಿಯಾರದಂತೆ ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡುವಂಥದ್ದು. ಅದಕ್ಕೆ ಹಾಕುವ ರೀಲಿಗೆ ಎರಡು ಮಗ್ಗುಲು. ಮೊದಲ ಸಲ ಓಡಿಸಿದಾಗ ಪಟ್ಟಿಯ ಒಂದು ಅಂಚಿನುದ್ದಕ್ಕೆ ಚಿತ್ರ ಬೀಳುತ್ತದೆ. ಆಮೇಲೆ ನೆರಳಿನಲ್ಲಿ ಮುಚ್ಚಳ ತೆಗೆದು, ತಿರುವಿ ಹಾಕಿ ಮತ್ತೆ ಓಡಿಸಿದರೆ ಇನ್ನೊಂದು ಅಂಚಿಗೆ ಬೀಳುತ್ತದೆ. ಅಲ್ಲಿಗೆ ರೀಲು ಮುಗಿಯಿತು. ತೊಳೆಯುವವರು ಅದನ್ನು ರಾಸಾಯನಿಕದ ತೊಟ್ಟಿಯಲ್ಲಿ ತೊಳೆದು ಚಿತ್ರ ಮೂಡಿಸಿ, ಉದ್ದಕ್ಕೆ ಸೀಳಿ, ತುದಿಗೆ ತುದಿ ಜೋಡಿಸಿ ಕಳಿಸುತ್ತಾರೆ. ಎರಡು ಮಗ್ಗುಲೂ ಸೇರಿ ನಾಲ್ಕು ನಿಮಿಷ. ಯಾವ ಮಗ್ಗುಲು ಮುಗಿದಿದೆ ಎನ್ನುವುದು ರೀಲನ್ನು ನೋಡಿದರೆ ತಿಳಿಯದು. ಅದಕ್ಕೇ ಮೇಷ್ಟ್ರದೊಂದು ಕಟ್ಟಳೆ: ಒಂದು ಮಗ್ಗುಲು ಮುಗಿದರೆ ರೀಲಿನ ಡಬ್ಬಿಯ ಮೇಲೆ ಪೆನ್ಸಿಲಿನಿಂದ ಒಂದು ಗೀರು, ಎರಡೂ ಮುಗಿದರೆ ಎರಡು ಗೀರು. "ಊಟ ಬಿಟ್ಟರೂ ಗೀರು ಬಿಡಬೇಡ," ಎನ್ನುತ್ತಿದ್ದರು.

ರೀಲು ಪಟ್ಟಣದ ಒಬ್ಬ ತೊಳೆಯುವವರ ಹತ್ತಿರ ಅಂಚೆಯಲ್ಲಿ ಹೋಗಿ ಬರುತ್ತಿತ್ತು. ಪ್ರತಿ ಸಲವೂ ಜೊತೆಗೊಂದು ಚೀಟಿ. "ನಾಲ್ಕನೆಯ ದೃಶ್ಯದಲ್ಲಿ ಅವಸರ ಮಾಡಿದ್ದೀರಿ." "ಎಮ್ಮೆಯ ಬೆನ್ನ ಮೇಲಿನ ಬೆಳಕು ಬಹಳ ಚೆನ್ನಾಗಿದೆ, ಎಮ್ಮೆಗೆ ತಿಳಿಸಿ." ಮೇಷ್ಟ್ರು ಅದಕ್ಕೆ ಎರಡು ಪುಟ ಉತ್ತರ ಬರೆಯುತ್ತಿದ್ದರು. ಒಬ್ಬರನ್ನೊಬ್ಬರು ಕಾಣದೆಯೇ ಹನ್ನೆರಡು ವರ್ಷ ಹಾಗೆ ನಡೆಯಿತು. ಆ ತೊಳೆಯುವವರು ಈಗ ನನ್ನ ಗಿರಣಿಯ ಬಾಗಿಲಲ್ಲಿ ನಿಂತಿದ್ದರು.

ಮೇಷ್ಟ್ರ ಹೆಂಡತಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮೇಷ್ಟ್ರು ಕ್ಯಾಮೆರಾ ಎತ್ತಿದ ಕೂಡಲೇ ಅಕ್ಕ ಅಂಗೈ ಅಡ್ಡ ಹಿಡಿಯುತ್ತಿದ್ದರು. "ನನ್ನನ್ಯಾಕೆ ತೆಗೀತೀರಿ, ಆ ಗೋಡೆ ತೆಗೀರಿ. ಅಲ್ಲಾಡದೆ ನಿಂತಿರುತ್ತೆ." ಅಷ್ಟು ವರ್ಷದ ರೀಲುಗಳಲ್ಲಿ ಅಕ್ಕ ಎಂದರೆ ಒಂದು ಅಂಗೈ ಮಾತ್ರ. ಒಮ್ಮೆ, ಜೋರು ಗಾಳಿಯ ದಿನ, ಹಿತ್ತಲಲ್ಲಿ ಹಾಸಿಗೆಯ ಬಟ್ಟೆ ಒಣಹಾಕುವಾಗ ಏನು ತೋಚಿತೋ, ಬೇಡ ಎನ್ನಲಿಲ್ಲ. ಒಂದು ಮಗ್ಗುಲು, ಎರಡು ನಿಮಿಷ, ಪೂರ್ತಿ ಸಿಕ್ಕರು. ಮೇಷ್ಟ್ರು ಅಂದು ಸಂಜೆ ಗಿರಣಿಗೆ ಓಡಿಬಂದು, "ಸಿಕ್ಕಿದಳು ಕಣೋ!" ಎಂದರು. ಡಬ್ಬಿಯ ಮೇಲೆ ಒಂದು ಗೀರು ಬಿತ್ತು. ಇನ್ನೊಂದು ಮಗ್ಗುಲು ತೆಗೆಯಲು ನೆಪ ಸಿಗಲೆಂದು ಕಾಯುತ್ತಿರುವಾಗಲೇ, ಮೂರು ದಿನದ ಜ್ವರಕ್ಕೆ ಅಕ್ಕ ಹೋಗಿಬಿಟ್ಟರು.

ತಿಂಗಳು ಕಳೆದ ಮೇಲೆ ಮೇಷ್ಟ್ರು ಕ್ಯಾಮೆರಾವನ್ನೂ ಡಬ್ಬಿಯನ್ನೂ ತಂದು ನನ್ನ ಕೈಗಿಟ್ಟರು. "ನನಗೆ ಕೈ ಬರ್ತಾ ಇಲ್ಲ. ಇನ್ನೊಂದು ಮಗ್ಗುಲಿಗೆ ನೀನು ಏನು ಬೇಕಾದ್ರೂ ತೆಗೆದು ಬೇಗ ತೊಳೆಯೋದಕ್ಕೆ ಕಳಿಸು. ಅವಳನ್ನ ನೋಡಬೇಕು," ಎಂದರು.

ಆಗಲೂ ಸುಗ್ಗಿ ಮುಗಿದ ದಿನಗಳೇ. ರೀಲು ತಿರುವಿ ಹಾಕಿ ಗಿರಣಿಯನ್ನೇ ತೆಗೆದೆ. ಮುಗಿದ ಗಳಿಗೆಗೇ ಮೋಟರಿನ ಬೆಲ್ಟು ಹರಿದು ಒಬ್ಬನ ತೋಳಿಗೆ ಬಡಿಯಿತು. ಗಲಾಟೆಯಲ್ಲಿ ಗಿರಣಿಯ ಹಿಂದಿನ ಕತ್ತಲ ಹೊಟ್ಟಿನ ಕೋಣೆಗೆ ಹೋಗಿ ರೀಲು ತೆಗೆದು ಡಬ್ಬಿಗೆ ಹಾಕಿದವನು ಗೀರು ಹಾಕದೆ ಓಡಿದೆ. ಹನ್ನೊಂದು ದಿನ ಅದರ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಡಬ್ಬಿ ಎತ್ತಿಕೊಂಡರೆ ಒಂದೇ ಗೀರು! ಮತ್ತೆ ಖಾಲಿ ಕ್ಯಾಮೆರಾ ಓಡಿಸಿದೆನೇ? ತಂಗಿಯ ಮದುವೆಯಲ್ಲಿ ಆದದ್ದೇ ಮತ್ತೆ ಆಯಿತೆಂದು ನಂಬಿಬಿಟ್ಟೆ. ನನ್ನ ನೆನಪಿಗಿಂತ ನನ್ನ ದಡ್ಡತನದ ಮೇಲೆ ನನಗೆ ಹೆಚ್ಚು ನಂಬಿಕೆ. ಇದ್ದಂತೆಯೇ ಕಳಿಸಿದ್ದರೆ ಹೆಚ್ಚೆಂದರೆ ಒಂದು ಮಗ್ಗುಲು ಕಪ್ಪಾಗಿ ಬರುತ್ತಿತ್ತು, ಅಷ್ಟೇ. ಆದರೆ ಊರು ಇನ್ನೊಮ್ಮೆ ನಗುತ್ತಿತ್ತು. ಯಾರಿಗೂ ಹೇಳದೆ ರೀಲು ತಿರುವಿ ಹಾಕಿ ಮತ್ತೊಮ್ಮೆ ಗಿರಣಿ ತೆಗೆದೆ. ಅದು ಮೂರನೆಯ ಓಟ. ಅಕ್ಕನ ಮಗ್ಗುಲಿನ ಮೇಲೆ.

ತೊಳೆದು ಬಂದ ರೀಲನ್ನು ಅಂಚೆಯವನು ನನ್ನ ಕೈಗೇ ಕೊಟ್ಟ. ಮೇಷ್ಟ್ರು ಶಾಲೆಯಲ್ಲಿದ್ದರು. ಅವರ ಮನೆಯ ಬೀಗದ ಕೀಲಿ ನನ್ನ ಬಳಿ ಇತ್ತು. ಎಲ್ಲ ಸರಿಯಾಗಿದೆಯೇ ನೋಡೋಣವೆಂದು ಒಬ್ಬನೇ ಗೋಡೆಗೆ ಬಿಟ್ಟೆ. ಗಾಳಿಗೆ ಬಟ್ಟೆ ಹಾರುತ್ತಿತ್ತು. ಬಟ್ಟೆಯೊಳಗಿಂದ ಬೆಲ್ಟು ಸುತ್ತುತ್ತಿತ್ತು. ಅಕ್ಕನ ಎದೆಯ ಜಾಗದಲ್ಲಿ ಯಾರೋ ಗಿರಾಕಿ ಹಲ್ಲು ಕಿರಿಯುತ್ತಿದ್ದ. ಅವರ ಮುಖ ಬರಬೇಕಾದ ಕಡೆಯಲ್ಲೆಲ್ಲ ಗಿರಣಿಯ ಬಟ್ಟೆಯ ತೋಳಿನಿಂದ ಹಿಟ್ಟು ಸುರಿಯುತ್ತಿತ್ತು, ಬೆಳ್ಳಗೆ, ಎಡೆಬಿಡದೆ.

ಒಂದು ಕಡೆ ಮಾತ್ರ ಹಾಗಿರಲಿಲ್ಲ. ಮೂರನೆಯ ಓಟದ ನಡುವೆ ನಾನು ಕ್ಯಾಮೆರಾ ಓಡುತ್ತಿರುವಾಗಲೇ ಹೊಟ್ಟಿನ ಕೋಣೆಯೊಳಕ್ಕೆ ಹೋಗಿದ್ದೆ. ಅಲ್ಲಿ ಕತ್ತಲೆ. ಕತ್ತಲೆ ಏನನ್ನೂ ಬರೆಯುವುದಿಲ್ಲ. ಆ ಎಂಟು ಸೆಕೆಂಡು ಅಕ್ಕ ಒಬ್ಬರೇ ಇದ್ದರು.

ಆ ಎಂಟು ಸೆಕೆಂಡನ್ನಾದರೂ ಕತ್ತರಿಸಿ ಕೊಡಬಹುದಾಗಿತ್ತು. ಉಳಿದದ್ದು ಎಲ್ಲಿ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ಅದಕ್ಕೆ ಅದನ್ನೂ ಬಚ್ಚಿಟ್ಟೆ. ಇಷ್ಟಕ್ಕೇ ನಿಂತಿದ್ದರೂ ಒಂದು ಲೆಕ್ಕ. ಮೇಷ್ಟ್ರ ಪೆಟ್ಟಿಗೆಯಲ್ಲಿ ಹಳೆಯ, ಬಿಸಿಲಿಗೆ ಸಿಕ್ಕಿ ಕೆಟ್ಟು ಬರೀ ಬಿಳಿಯಾದ ಪಟ್ಟಿಗಳಿದ್ದವು. ಅವುಗಳನ್ನು ಜೋಡಿಸಿ ನಾಲ್ಕು ನಿಮಿಷದ ರೀಲು ಮಾಡಿ, "ಹೀಗೆ ಬಂದಿದೆ ಮೇಷ್ಟ್ರೇ, ತೊಳೆಯೋದರಲ್ಲಿ ಕೆಡಿಸಿದ್ದಾರೆ," ಎಂದು ಅವರಿಗೆ ತೋರಿಸಿದೆ. ಮೇಷ್ಟ್ರು ಆ ಬಿಳಿ ಗೋಡೆಯನ್ನು ಕೊನೆಯವರೆಗೆ ನೋಡಿದರು. ನಾನೂ ನೋಡಿದೆ. ಅದಕ್ಕಿಂತ ಉದ್ದದ ಸಿನಿಮಾ ನನ್ನ ಜೀವನದಲ್ಲಿ ನೋಡಿಲ್ಲ.

ಆ ರಾತ್ರಿಯೇ ಮೇಷ್ಟ್ರು ಕಾಗದ ಬರೆದರು. ಮರುದಿನ ಅಂಚೆಗೆ ಹಾಕಿದ್ದು ನಾನೇ. "ಹನ್ನೆರಡು ವರ್ಷ ನಿಮ್ಮನ್ನು ನಂಬಿದೆ. ಹೆಂಡತಿ ತೀರಿಕೊಂಡಳು, ಉಳಿದದ್ದು ಆ ರೀಲೊಂದೇ. ನೀವು ಅವಳನ್ನು ಅಳಿಸಿಹಾಕಿದಿರಿ," ಎಂದಷ್ಟೇ ಇತ್ತು. ವಾರದಲ್ಲಿ ಉತ್ತರ ಬಂತು. "ತಪ್ಪಾಯಿತು. ನನ್ನ ತೊಟ್ಟಿಯದೇ ದೋಷ." ಮಾಡದ ತಪ್ಪನ್ನು ಆ ಮನುಷ್ಯ ಯಾಕೆ ಒಪ್ಪಿಕೊಂಡರೆಂದು ನನಗೆ ತಿಳಿಯಲಿಲ್ಲ. ತಿಳಿಯುವ ಗೋಜಿಗೂ ಹೋಗಲಿಲ್ಲ. ಒಪ್ಪಿಕೊಂಡರಲ್ಲ, ಬದುಕಿದೆ ಎಂದುಕೊಂಡೆ. ಮೇಷ್ಟ್ರು ತಮ್ಮಂತೆಯೇ ಸಣ್ಣ ರೀಲು ತೆಗೆಯುತ್ತಿದ್ದ ಹತ್ತು ಹನ್ನೆರಡು ಗೆಳೆಯರಿಗೂ ಬರೆದರು, ಅವರೂ ಅಲ್ಲಿಗೆ ಕಳಿಸುವುದನ್ನು ನಿಲ್ಲಿಸಿದರು. ಮೇಷ್ಟ್ರು ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ.

ಹತ್ತೊಂಬತ್ತು ವರ್ಷವಾಯಿತು.

ಹೊಟ್ಟಿನ ಕೋಣೆಯಲ್ಲಿ ಒಂದು ಚೀಲದ ಮೇಲೆ ಗೋಣಿ ಹಾಸಿ ಅವರನ್ನು ಕೂರಿಸಿದೆ. ನೀರು ಕೊಟ್ಟೆ. ಬಾಗಿಲು ಓರೆ ಮಾಡಿದರೆ ಮೋಟರಿನ ಸದ್ದು ಅರ್ಧಕ್ಕೆ ಇಳಿಯುತ್ತದೆ.

"ನೀವೇ ಅಲ್ಲವಾ ಗಿರಣಿಯವರು?" ಎಂದರು ತೊಳೆಯುವವರು. "ಮೇಷ್ಟ್ರು ಬರೀತಿದ್ರು. ನನ್ನ ಶಿಷ್ಯನಿಗೆ ಕಣ್ಣಿದೆ, ಜ್ಞಾಪಕಶಕ್ತಿ ಇಲ್ಲ ಅಂತ."

ನಾನು ನಗಲು ನೋಡಿದೆ.

"ಅವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?"

"ನಿಮ್ಮ ಹೆಸರೇ ಎತ್ತೋದಿಲ್ಲ ಯಜಮಾನ್ರೇ."

"ಇರಲಿ. ಬೈಸಿಕೊಂಡೇ ಹೋಗ್ತೀನಿ. ಎದುರಿಗೆ ಕೂತು ಬೈಸಿಕೊಳ್ಳೋದಕ್ಕೂ ಒಂದು ವಯಸ್ಸು ಬೇಕು, ಈಗ ಆಗಿದೆ." ಅವರು ಲೋಟ ಕೆಳಗಿಟ್ಟರು. "ಒಂದು ವಿಷಯ ಹೇಳ್ತೀನಿ, ನಿಮ್ಮಲ್ಲೇ ಇರಲಿ. ಅಕಸ್ಮಾತ್ ನಿಮಗೆ ಗೊತ್ತಿದ್ದರೂ ಅವರ ಮುಂದೆ ಬಾಯಿ ಬಿಡಬೇಡಿ. ನಾನು ಆ ರೀಲು ಕೆಡಿಸಲಿಲ್ಲ."

ನಾನು ಬಾಗಿಲಿನ ಸಂದಿಯ ಬೆಳಕು ನೋಡುತ್ತಿದ್ದೆ.

"ತೊಟ್ಟಿಯಿಂದ ಎತ್ತಿ ಬೆಳಕಿಗೆ ಹಿಡಿದಾಗಲೇ ಕಾಣಿಸ್ತು. ಎರಡು ಚಿತ್ರ, ಒಂದರ ಮೇಲೊಂದು. ಒಂದು ಹೆಂಗಸು, ಒಂದು ಗಿರಣಿ. ತಿರುವಿ ಹಾಕೋದರಲ್ಲಿ ಲೆಕ್ಕ ತಪ್ಪಿ ಮೂರು ಸಲ ಓಡಿಸಿದ್ದಾರೆ. ಚೀಟಿ ಬರೆಯೋಣ ಅಂತ ಕೂತವನು, ಹೇಗೆ ಬರೀಲಿ ಅಂತ ಬಿಟ್ಟೆ. ಆಮೇಲೆ ಅವರ ಕಾಗದ ಬಂತು, ಹೆಂಡತಿ ಹೋದಳು ಅಂತ ಆಗಲೇ ಗೊತ್ತಾಗಿದ್ದು. ಯೋಚನೆ ಮಾಡಿ ನೋಡಿ. ಅಂಥ ಹೊತ್ತಲ್ಲಿ, ನಿಮ್ಮ ಕೈಯಾರೆ ನೀವೇ ಅವಳನ್ನ ಅಳಿಸಿದ್ದೀರಿ ಅಂದರೆ ಆ ಮನುಷ್ಯ ಬದುಕ್ತಾನಾ? ತೊಟ್ಟಿಯದು ತಪ್ಪು ಅಂತ ಬರೆದುಬಿಟ್ಟೆ. ತೊಟ್ಟಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಬೈದರೆ ಏನು?"

ಹೇಳಿ ಸಣ್ಣಗೆ ನಕ್ಕರು. ತಮ್ಮ ಮಾತಿಗೆ ತಾವೇ.

ಸುಮ್ಮನಿರುವುದು ಎಷ್ಟು ಸುಲಭವಿತ್ತು! ಅವರೇ ಬಾಯಿ ಬಿಡಬೇಡಿ ಎಂದು ಕೇಳಿಕೊಳ್ಳುತ್ತಿದ್ದರು. 'ಆಯ್ತು ಯಜಮಾನ್ರೇ' ಎಂದರೆ ಮುಗಿಯಿತು, ನಾನು ಒಳ್ಳೆಯವನೂ ಆಗುತ್ತಿದ್ದೆ. ಬಾಯಿಯ ತನಕ ಬಂದಿತ್ತು ಆ ಮಾತು. ಆದರೆ ಅವರು ಲೋಟ ಎತ್ತಿಕೊಳ್ಳಲು ಕೈ ಚಾಚಿದಾಗ ಆ ಉಗುರುಗಳು ಮತ್ತೆ ಕಂಡವು.

"ಮೇಷ್ಟ್ರಲ್ಲ," ಎಂದೆ. "ಮೂರನೇ ಸಲ ಓಡಿಸಿದ್ದು ನಾನು."

ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಗೀರು ಮರೆತದ್ದು, ಬಚ್ಚಿಟ್ಟದ್ದು, ಬಿಳಿ ಪಟ್ಟಿ ಜೋಡಿಸಿ ತೋರಿಸಿದ್ದು, ಕಾಗದ ಅಂಚೆಗೆ ಹಾಕಿದ್ದು, ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖದ ಆ ಸಣ್ಣ ನಗೆ ಆರಿಹೋಯಿತು.

"ಅವರ ಕೈಯಲ್ಲ," ಎಂದರು.

"ಅಲ್ಲ."

"ಗೆಳೆಯನಿಗೋಸ್ಕರ ಹೊತ್ತೆ ಅಂದುಕೊಂಡಿದ್ದೆ." ಅವರ ದನಿ ಏರಲಿಲ್ಲ. "ಅವರ ಪತ್ರ ಓದಿ ಗಿರಾಕಿಗಳು ಬಿಟ್ಟುಹೋದರು. ತೊಟ್ಟಿಯ ಮೇಲೆ ನಂಬಿಕೆ ಇಲ್ಲ ಅಂದರು. ಸರಿ, ಅವರಿಗೋಸ್ಕರ ತಾನೇ ಅಂತ ಸಮಾಧಾನ ಮಾಡಿಕೊಂಡೆ. ನಿನಗೋಸ್ಕರ ನಾನು ಇದನ್ನ ಹೊರ್ತಾ ಇರಲಿಲ್ಲ ಕಣಯ್ಯ. ನೀನು ಯಾರು ನನಗೆ?"

ಬಹುವಚನ ಹೋಗಿತ್ತು. ಅದು ನನಗೆ ಸರಿಯೆನಿಸಿತು.

"ಆ ರೀಲು?"

ಅಟ್ಟದ ಮೇಲಿನ ಮರದ ಪೆಟ್ಟಿಗೆಯಿಂದ ಡಬ್ಬಿ ಇಳಿಸಿದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು, ಹಿಟ್ಟಿನ ಧೂಳು ಒಳಗೆ ಇಳಿಯದ ಹಾಗೆ ಬಟ್ಟೆ ಬದಲಾಯಿಸಿ ಇಡುತ್ತಿದ್ದೆ.

"ನಡಿ," ಎಂದರು.

ಮೋಟರು ನಿಲ್ಲಿಸಿದ ಕೂಡಲೇ ಹೊರಗೆ ಗದ್ದಲವೆದ್ದಿತು. "ಸುಗ್ಗಿಕಾಲದಲ್ಲಿ ಗಿರಣಿ ನಿಲ್ಲಿಸ್ತಾನಲ್ಲ, ಇವನಿಗೇನು ಹೆಣ್ಣು ನೋಡೋಕೆ ಹೋಗೋದಿದೆಯಾ?" ಎಂದು ಮೂಲೆಮನೆಯ ಅತ್ತೆ ಕೇಳಿದರು. "ಈ ವಯಸ್ಸಲ್ಲಿ ಯಾರು ಕೊಡ್ತಾರೆ ಬಿಡಿ," ಎಂದು ಇನ್ನೊಬ್ಬರು. ನಾನು ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆದೆ. ರೀಲು ಮುಟ್ಟುವ ಮೊದಲು ಉಗುರಿನ ಸಂದಿಯ ಹಿಟ್ಟೂ ಹೋಗಬೇಕು.

ಕಾಲುವೆ ದಾಟಿ ಮೇಷ್ಟ್ರ ಮನೆ. ಮೇಷ್ಟ್ರು ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಕನ್ನಡಕ ತೆಗೆದು ನೋಡಿದರು.

"ಯಾರು?"

"ನಿಮ್ಮ ರೀಲು ತೊಳೀತಿದ್ದವನು," ಎಂದರು ಬಂದವರು.

ಮೇಷ್ಟ್ರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದರು. "ಬನ್ನಿ ಅನ್ನಬೇಕೋ ಬೇಡವೋ ತಿಳೀತಿಲ್ಲ. ಬಿಸಿಲಲ್ಲಿ ಬಂದಿದ್ದೀರಿ. ಕೂತ್ಕೊಳ್ಳಿ."

"ಮೇಷ್ಟ್ರೇ," ಎಂದೆ. "ನೀವಿಬ್ಬರೂ ಮಾತಾಡೋ ಮೊದಲು ಒಂದು ರೀಲು ಹಾಕ್ತೀನಿ. ನೋಡಿ."

"ಇವತ್ತು ಭಾನುವಾರ ಅಲ್ಲವಲ್ಲೋ."

"ಗೊತ್ತು ಮೇಷ್ಟ್ರೇ."

ಮೇಷ್ಟ್ರಿಗೆ ಕೈ ನಡುಕ ಬಂದು ಆರು ವರ್ಷ. ಆಗಿನಿಂದ ಭಾನುವಾರದ ಪ್ರೊಜೆಕ್ಟರು ನನ್ನದೇ ಕೆಲಸ. ಕಂಬಳಿ ಎಳೆದೆ, ದೀಪ ಹಾಕಿದೆ, ಪಟ್ಟಿಯನ್ನು ಹಲ್ಲುಗಾಲಿಗೆ ಕೂರಿಸಿದೆ. ಎರಡು ಸಲ ಜಾರಿತು.

ಗೋಡೆಯ ಮೇಲೆ ಬಟ್ಟೆ ಹಾರಿತು. ಬೆಲ್ಟು ಸುತ್ತಿತು. ಹಿಟ್ಟು ಸುರಿಯಿತು. ಮೇಷ್ಟ್ರು "ಇದೇನಿದು?" ಎಂದರು. ಆಮೇಲೆ, "ಇದು ನಮ್ಮ ಹಿತ್ತಲು," ಎಂದರು. ಹಿಟ್ಟು ಸುರಿಯುತ್ತಲೇ ಇತ್ತು. ಅದರ ಹಿಂದೆ ಯಾರೋ ಓಡಾಡುತ್ತಿದ್ದರು, ಕೈ ಎತ್ತುತ್ತಿದ್ದರು, ಬಗ್ಗುತ್ತಿದ್ದರು.

ಹಿಟ್ಟು ನಿಂತಿತು. ಗಾಳಿಗೆ ಬಟ್ಟೆ ಮುಖಕ್ಕೆ ಹೊದ್ದುಕೊಂಡಿತು. ಅಕ್ಕ ಅದನ್ನು ಎಳೆದು ಕೆಳಗಿಳಿಸಿದರು. ಕೂದಲು ಕೆದರಿತ್ತು. ಕ್ಯಾಮೆರಾ ಕಂಡು ಅಭ್ಯಾಸದಂತೆ ಅಂಗೈ ಮೇಲಕ್ಕೆ ಬಂತು. ಅರ್ಧಕ್ಕೆ ನಿಂತಿತು. ಏನೋ ಹೇಳಿ, ನಕ್ಕು, ಕೈ ಇಳಿಸಿದರು. ಮತ್ತೆ ಹಿಟ್ಟು.

"ಹಿಂದಕ್ಕೆ ತಿರುಗಿಸು."

ತಿರುಗಿಸಿದೆ. ಐದು ಸಲ ನೋಡಿದರು. ದೀಪ ಆರಿಸಿದಾಗ ಕೋಣೆಯಲ್ಲಿ ಬಿಸಿಯಾದ ಧೂಳಿನ ವಾಸನೆ ಮಾತ್ರ ಉಳಿಯಿತು. ಕಂಬಳಿ ಸರಿಸುವ ಧೈರ್ಯವಾಗದೆ, ಆ ಕತ್ತಲಲ್ಲೇ ನಿಂತು, ಗಿರಣಿಯಲ್ಲಿ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳಿದೆ. ತೊಳೆಯುವವರು ತಪ್ಪನ್ನು ಯಾಕೆ ಒಪ್ಪಿಕೊಂಡರೆನ್ನುವುದನ್ನೂ ನಾನೇ ಹೇಳಿದೆ, ಅವರು ಹೇಳುವವರಲ್ಲ.

"ಬಿಳಿ ಪಟ್ಟಿ ತೋರಿಸಿದ್ದೆಯಲ್ಲ, ಅದು ಯಾವುದು?"

"ನಿಮ್ಮ ಪೆಟ್ಟಿಗೆಯದೇ. ಕೆಟ್ಟ ಪಟ್ಟಿಗಳು."

"ಇದು ಎಲ್ಲಿತ್ತು ಇಷ್ಟು ವರ್ಷ?"

"ಗಿರಣೀಲಿ. ಹೊಟ್ಟಿನ ಕೋಣೆ ಅಟ್ಟದ ಮೇಲೆ."

"ವಾರಕ್ಕೆರಡು ಸಲ ಬರ್ತಿದ್ದೆ ನಿನ್ನ ಗಿರಣಿಗೆ," ಎಂದರು ಮೇಷ್ಟ್ರು. "ಆ ಅಟ್ಟದ ಕೆಳಗೇ ಕೂತು ಮಾತಾಡ್ತಿದ್ದೆ. ಅವಳ ಮುಖ ಮರೀತಾ ಬರ್ತಿದೆ ಅಂತ ಒಂದು ದಿನ ನಿನಗೇ ಹೇಳಿದ್ದೆ."

ಹೇಳಿದ್ದರು. ಮಳೆ ಹನಿಯುತ್ತಿದ್ದ ಸಂಜೆ. ನಾನು 'ಹೌದಾ ಮೇಷ್ಟ್ರೇ' ಎಂದು ಜರಡಿ ತಟ್ಟುತ್ತ ಕೂತಿದ್ದೆ.

ಮೇಷ್ಟ್ರು ಗೋಡೆ ಹಿಡಿದು ಎದ್ದು, ತೊಳೆಯುವವರು ಕೂತಿದ್ದ ಕಡೆ ಹೋದರು. "ಆ ಕಾಗದ ಬರೆದವನು ನಾನು. ಇನ್ನೂ ಇದೆಯಾ?"

"ಇದೆ."

"ಹರಿದು ಹಾಕಿ."

"ಅಕ್ಷರ ಮುತ್ತಿನ ಹಾಗಿತ್ತು. ಮನಸ್ಸು ಬರಲಿಲ್ಲ."

ಮೇಷ್ಟ್ರು ಅವರ ಎರಡೂ ಕೈ ಹಿಡಿದುಕೊಂಡರು. ನಡುಗುವ ಕೈಯಲ್ಲಿ ಕಂದು ಉಗುರಿನ ಕೈ. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

"ನೀನು ಹೋಗು. ಗಿರಣಿ ಮುಂದೆ ಜನ ಕಾಯ್ತಿರ್ತಾರೆ."

"ಮೇಷ್ಟ್ರೇ..."

"ಬೈತಾ ಇಲ್ಲ ಕಣೋ. ಹೋಗು."

ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಹಾಗೆ ನಿಲ್ಲಲು ಅವರು ಒಂದು ಬೈಗುಳವನ್ನೂ ಕೊಡಲಿಲ್ಲ.

ಗಿರಣಿಗೆ ಬಂದರೆ ಸಾಲು ರಸ್ತೆಯವರೆಗೆ ಬೆಳೆದಿತ್ತು. ಅತ್ತೆ ನನ್ನ ಮುಖ ನೋಡಿ, "ಯಾರು ಹೋದರೋ?" ಎಂದರು.

"ಯಾರೂ ಇಲ್ಲ ಅತ್ತೆ."

"ಹಾಗಾದರೆ ಮೋಟರು ಹಾಕು, ಮಾರಾಯ. ಒಲೆ ಮೇಲೆ ನೀರು ಇಟ್ಟು ಬಂದಿದ್ದೀನಿ."

ಮೋಟರು ಹಾಕಿದೆ. ಆ ದಿನ ಸಂಜೆಯವರೆಗೂ ಕಾಳು ಬೀಸಿದೆ. ತೊಳೆಯುವವರು ಸಂಜೆಯ ಬಸ್ಸಿಗೆ ಬರುತ್ತಾರೆಂದು ಕಾದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಅವರು ಮೇಷ್ಟ್ರ ಮನೆಯಲ್ಲೇ ಉಳಿದಿದ್ದಾರೆಂದು ಜನ ಹೇಳಿದರು. ಜಗುಲಿಯಲ್ಲಿ ಇಬ್ಬರೂ ಕೂತು ಹಳೆಯ ಚೀಟಿಗಳನ್ನು ಹರಡಿಕೊಂಡು ಜಗಳವಾಡುತ್ತಿದ್ದರಂತೆ, ಎಮ್ಮೆಯ ವಿಷಯಕ್ಕೆ. ಮೇಷ್ಟ್ರ ಕಾಳಿನ ಡಬ್ಬ ಆ ವಾರ ಬೇರೆ ಯಾರದೋ ಕೈಯಲ್ಲಿ ಬಂತು. ನುಣ್ಣಗೆ ಬೀಸಿ ಕೊಟ್ಟೆ.

ಭಾನುವಾರ ಮಧ್ಯಾಹ್ನ ಗಿರಣಿ ಮುಚ್ಚಿದೆ. ಕೈ ತೊಳೆದೆ, ಒಗೆದ ಅಂಗಿ ಹಾಕಿದೆ. ಹೋಗಬಾರದೆಂದು ಗೊತ್ತಿತ್ತು, ಆದರೂ ಕಾಲುವೆ ದಾಟಿದೆ. ಮೇಷ್ಟ್ರ ಮನೆಯ ಮುಂಬಾಗಿಲು ಹಾಕಿತ್ತು. ಹಿಂದಿನ ಕೋಣೆಯ ಕಿಟಕಿಗೆ ಒಳಗಿನಿಂದ ಕಂಬಳಿ ಬಿದ್ದಿತ್ತು. ಪ್ರೊಜೆಕ್ಟರು ಓಡುವ ಸದ್ದು ಗೋಡೆಯ ಹೊರಗೂ ಕೇಳಿಸುತ್ತಿತ್ತು.

ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು. ಹೊಲಿಗೆ ಯಂತ್ರದಂತೆ ಹದವಾಗಿ ಓಡುತ್ತಿದ್ದದ್ದು ಪಟಪಟ ಬಡಿಯತೊಡಗಿತು. ದೀಪದ ಕೆಳಗೆ ಪಟ್ಟಿಯನ್ನು ಒಂದು ಸುತ್ತು ಸಡಿಲ ಬಿಟ್ಟಿರಬೇಕು. ಆ ಸುತ್ತು ತಪ್ಪಿದರೆ ಹಲ್ಲುಗಾಲಿ ಪಟ್ಟಿಯನ್ನು ಜಗ್ಗಿ ತೂತುಗಳನ್ನು ಹರಿಯುತ್ತದೆ. ಹೊರಗಿನಿಂದ ಕೇಳಿದರೇ ನನಗೆ ಗೊತ್ತಾಗುತ್ತದೆ. ಯಾವ ರೀಲು ಓಡುತ್ತಿತ್ತೋ ಗೊತ್ತಿರಲಿಲ್ಲ. ಅದೇ ಆಗಿದ್ದರೆ?

"ಕೆಳಗಿನ ಸುತ್ತು ತಪ್ಪಿದೆ!" ಎಂದು ಕಿಟಕಿಗೆ ಬಾಯಿಟ್ಟು ಕೂಗಿದೆ. "ನಿಲ್ಲಿಸಿ. ಎರಡು ಬೆರಳಷ್ಟು ಸಡಿಲ ಬಿಟ್ಟು ಹಾಕಿ."

ಸದ್ದು ನಿಂತಿತು. ಒಳಗೆ ಯಾರೋ ಕುರ್ಚಿ ಸರಿಸಿದರು. ಇಬ್ಬರ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಈಗ ಬಾಗಿಲು ತೆಗೆಯುತ್ತಾರೆ ಎಂದು ಮುಂದಕ್ಕೆ ಬಂದು ಮೆಟ್ಟಿಲ ಕೆಳಗೆ ನಿಂತೆ.

ಪ್ರೊಜೆಕ್ಟರು ಮತ್ತೆ ಓಡಿತು. ಈ ಸಲ ಸರಿಯಾಗಿತ್ತು. ಬಾಗಿಲು ತೆಗೆಯಲಿಲ್ಲ. ರೀಲು ಮುಗಿದು ಪಟ್ಟಿಯ ಬಾಲ ಬಡಿಯುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಕಾಲುವೆಯ ಕಡೆ ನಡೆದೆ.